ಲೆಕ್ಕದ ಪುಸ್ತಕ ಯಾರ ಕೈಯಲ್ಲಿ?

ಸಕಲೇಶಪುರ, ಆಲೂರು ಬೆಟ್ಟಗಳ ಕಾಫಿ ತೋಟಗಳಲ್ಲಿ ಕೊಯ್ಲಿನ ಕಾಲದ ಸಂಜೆ, ತೂಕ ನಡೆಯುವ ಜಾಗದಲ್ಲಿ ಒಂದು ಗಳಿಗೆ ನಿಂತು ನೋಡಬೇಕು. ಬೆಳಗಿನಿಂದ ಗಿಡದ ಕೆಳಗೆ ಬಗ್ಗಿ ಹಣ್ಣು ಬಿಡಿಸಿದ ಹೆಂಗಸರು ಚೀಲ ಹೊತ್ತು ಸಾಲಾಗಿ ಬರುತ್ತಾರೆ. ಮೇಸ್ತ್ರಿ ಚೀಲವನ್ನು ತೂಕಕ್ಕೆ ಇಡುತ್ತಾನೆ. ರೈಟರು ಒಂದು ಅಂಕೆಯನ್ನು ಕೂಗಿ ಪುಸ್ತಕದಲ್ಲಿ ಗೀಚುತ್ತಾರೆ. ಚೀಲ ಆ ಕಡೆ ಹೋಯಿತು, ಹೆಂಗಸು ಈ ಕಡೆ ಹೋದಳು. ದಿನದ ದುಡಿಮೆಯೆಲ್ಲ ಒಂದು ಅಂಕೆಯಾಗಿ ಪುಸ್ತಕದೊಳಗೆ ಸೇರಿತು.

ಕೆಲವು ವರ್ಷಗಳ ಕೆಳಗೆ ಒಂದು ತೋಟದಲ್ಲಿ ನಾವು ಹೀಗೆ ನಿಂತಿದ್ದೆವು. ಆ ತೋಟದ ಹೆಸರು ಇಲ್ಲಿ ಬೇಡ. ಅಲ್ಲಿ ಚೀಲದ ತೂಕವೆಂದು ಪ್ರತಿಯೊಂದು ಚೀಲಕ್ಕೂ 3 ಕಿಲೋ ಕಳೆಯುತ್ತಿದ್ದರು. ನಾವು ಸುಮ್ಮನಿರಲಾರದೆ ಒಂದು ಖಾಲಿ ಚೀಲವನ್ನು ಅದೇ ತಕ್ಕಡಿಗೆ ಇಡಿಸಿದೆವು. ಅದು 1 ಕಿಲೋ ತೂಗಿತು. ಪಕ್ಕದಲ್ಲಿದ್ದ ಮುದುಕಿಯೊಬ್ಬಳನ್ನು, "ಇದು ನಿಮಗೆ ಗೊತ್ತಿರಲಿಲ್ಲವೇನಮ್ಮ?" ಎಂದು ಕೇಳಿದೆವು. ಅವಳು, "ಗೊತ್ತಿಲ್ದೆ ಏನು ಮೇಷ್ಟ್ರೇ? ಹೊತ್ತೋರಿಗೆ ಗೊತ್ತಿರಲ್ವಾ? ಆದ್ರೆ ಅವ್ರ ತಕ್ಕಡಿ, ಅವ್ರ ಪುಸ್ತಕ" ಎಂದಳು.

ನಾವು ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದವರು. ಅಭ್ಯಾಸಬಲದಿಂದ ಅಲ್ಲಿಯೇ ಲೆಕ್ಕ ಹಾಕಿದೆವು. ಒಂದು ಚೀಲಕ್ಕೆ 2 ಕಿಲೋ ಹೆಚ್ಚು ಕಳೆತ. ಒಬ್ಬೊಬ್ಬರಿಗೆ ದಿನಕ್ಕೆ ಎರಡು ಚೀಲ. ಆಳು 50 ಮಂದಿ. ಅಲ್ಲಿಗೆ ದಿನಕ್ಕೆ 200 ಕಿಲೋ ಹಣ್ಣನ್ನು ಕೂಲಿಯಿಲ್ಲದೆ ಕೊಯ್ಯಿಸಿದಂತಾಯಿತು. ಕಿಲೋಗೆ 5 ರೂಪಾಯಿ ಎಂದು ಹಿಡಿದರೂ ದಿನಕ್ಕೆ 1,000 ರೂಪಾಯಿ. ಅರವತ್ತು ದಿನದ ಕೊಯ್ಲಿಗೆ 60,000 ರೂಪಾಯಿ. ಯಾರೂ ಯಾರ ಜೇಬಿಗೂ ಕೈ ಹಾಕಲಿಲ್ಲ. ಪುಸ್ತಕದಲ್ಲಿ ಒಂದು ಅಂಕೆ ಬರೆದರು, ಅಷ್ಟೇ.

ಈ ಪತ್ರಿಕೆಯನ್ನು ಓದುವವರಲ್ಲಿ ಹೆಚ್ಚಿನವರು ಗಿರಣಿಯಲ್ಲಿ ದುಡಿಯುವವರು, ಇಲ್ಲವೆ ಬಾಳ್ಳುಪೇಟೆ, ಹಾನುಬಾಳು, ಮಗ್ಗೆ, ಆಲೂರುಗಳಂಥ ಊರುಗಳಲ್ಲಿ ಸಣ್ಣ ಅಂಗಡಿ, ಸಣ್ಣ ವ್ಯಾಪಾರ ಇಟ್ಟುಕೊಂಡವರು. 'ಉತ್ಪಾದನಾ ನಿರ್ವಹಣೆ', 'ಮ್ಯಾನೇಜ್‌ಮೆಂಟ್' ಎಂಬ ಮಾತು ಕೇಳಿದೊಡನೆ ಅದು ಕೋಟು ತೊಟ್ಟವರ ವಿದ್ಯೆ, ನಮಗಲ್ಲ ಎಂದು ಇವರು ಪಕ್ಕಕ್ಕೆ ಸರಿಯುತ್ತಾರೆ. ನಾವು ಹೇಳಬೇಕೆಂದಿರುವುದು ಇಷ್ಟೇ: ಆ ವಿದ್ಯೆಯ ಮೂಲಸೂತ್ರಗಳೆಲ್ಲ ಕೈಯಿಂದ ಕೆಲಸ ಮಾಡುವವನಿಗೆ ಆಗಲೇ ಗೊತ್ತಿರುವಂಥವು. ಗೊತ್ತಿಲ್ಲದಿರುವುದು ಅಂಕೆಗಳು ಮಾತ್ರ. ಅವು ಮುಚ್ಚಿದ ಪುಸ್ತಕದಲ್ಲಿವೆ. ಕಾಫಿ ಗಿಡದಿಂದ ಗೋದಾಮಿನವರೆಗೆ ಹಣ್ಣಿನ ಹಿಂದೆಯೇ ನಡೆದು ಇದನ್ನು ನೋಡೋಣ.

ಕಣದ ಲೆಕ್ಕ

ತೂಕವಾದ ಹಣ್ಣು ಕಣಕ್ಕೆ ಬರುತ್ತದೆ. ಹಣ್ಣನ್ನು ಹಾಗೆಯೇ ಒಣಗಿಸಿದರೆ ಚೆರಿ. ಪಲ್ಪರಿಗೆ ಹಾಕಿ, ಮೇಲಿನ ಸಿಪ್ಪೆ ತೆಗೆದು, ಲೋಳೆ ಬಿಡುವವರೆಗೆ ತೊಟ್ಟಿಯಲ್ಲಿಟ್ಟು, ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟು. ಚೆರಿ ಒಣಗುವುದಕ್ಕೆ ಒಳ್ಳೆಯ ಬಿಸಿಲಿದ್ದರೆ ಹನ್ನೆರಡು ದಿನವಾದರೂ ಬೇಕು.

ಈಗ ಒಂದು ತೋಟವಿದೆ ಎಂದಿಟ್ಟುಕೊಳ್ಳೋಣ. 50 ಆಳು, ತಲೆಗೆ 60 ಕಿಲೋ. ದಿನಕ್ಕೆ 3,000 ಕಿಲೋ ಹಣ್ಣು. ಕಣದಲ್ಲಿ ತೆಳ್ಳಗೆ ಹರವಿದರೆ 24,000 ಕಿಲೋ ಹಿಡಿಯುತ್ತದೆ. ಎಂಟನೆಯ ದಿನಕ್ಕೆ ಕಣ ತುಂಬಿತು. ಮೊದಲನೆಯ ದಿನದ ಹಣ್ಣು ಒಣಗಿ ಜಾಗ ಬಿಡುವುದಕ್ಕೆ ಇನ್ನೂ ನಾಲ್ಕು ದಿನವಿದೆ. ಆ ನಾಲ್ಕು ದಿನ ಬರುವ 12,000 ಕಿಲೋ ಎಲ್ಲಿಗೆ ಹೋಗಬೇಕು? ರಾಶಿಗೆ. ರಾಶಿಯಲ್ಲಿ ಹಣ್ಣು ಕಾವೇರುತ್ತದೆ, ಹುಳಿಯುತ್ತದೆ, ಬೂಷ್ಟು ಹಿಡಿಯುತ್ತದೆ. ಇಲ್ಲದಿದ್ದರೆ ಕಣದಲ್ಲಿಯೇ ಒತ್ತೊತ್ತಾಗಿ ಹರವುತ್ತಾರೆ. ಆಗ ಹನ್ನೆರಡು ದಿನದ ಕೆಲಸ ಹದಿನಾರು ದಿನವಾಗುತ್ತದೆ, ಇಕ್ಕಟ್ಟು ಇನ್ನೂ ಹೆಚ್ಚುತ್ತದೆ.

ಇಲ್ಲಿರುವ ಸೂತ್ರ ಸರಳ. ಕಣದಲ್ಲಿ ಇರುವ ಮಾಲು ಎಂದರೆ ದಿನಕ್ಕೆ ಬರುವ ಮಾಲನ್ನು ಅದು ಅಲ್ಲಿ ನಿಲ್ಲುವ ದಿನಗಳಿಂದ ಗುಣಿಸಿದಷ್ಟು. ಅಮೆರಿಕದ ಜಾನ್ ಲಿಟಲ್ ಎಂಬ ವಿದ್ವಾಂಸರು 1961ರಲ್ಲಿ ಇದನ್ನು ಗಣಿತದಿಂದ ಸಾಧಿಸಿ ತೋರಿಸಿದರು. ಅಂದಿನಿಂದ ಕಾರ್ಖಾನೆಗಳ ಪಾಠಪುಸ್ತಕಗಳಲ್ಲೆಲ್ಲ ಅವರ ಹೆಸರಿನಲ್ಲಿಯೇ ನಡೆದು ಬಂದಿದೆ. ನಮ್ಮ ಕಣದ ಆಳು ಆ ಹೆಸರನ್ನು ಕೇಳಿರಲಿಕ್ಕಿಲ್ಲ. ಆದರೆ, "ಇಷ್ಟು ಕುಯ್ಸಿದ್ರೆ ಎಲ್ಲಿ ಹರವೋದು ಸ್ವಾಮಿ?" ಎಂದು ಅವನು ಕೇಳಿದಾಗ ಹೇಳುತ್ತಿರುವುದು ಅದೇ ಸೂತ್ರವನ್ನು. 24,000ವನ್ನು ಹನ್ನೆರಡು ದಿನದಿಂದ ಭಾಗಿಸಿದರೆ ದಿನಕ್ಕೆ 2,000. ಈ ತೋಟದ ನಿಜವಾದ ಶಕ್ತಿ ಅಷ್ಟೇ. ಮೋಡ ಕವಿದು ಹದಿನಾರು ದಿನ ಹಿಡಿದರೆ 1,500. ಕೊಯ್ಯುವ ಕೈ ಎಷ್ಟು ಚುರುಕಾದರೂ ತೋಟದ ಶಕ್ತಿ ಕಣದ ಶಕ್ತಿಯನ್ನು ಮೀರಲಾರದು. ಸಂತೆಯ ಜನವೆಲ್ಲ ಒಂದು ಕಿರುಬಾಗಿಲಿನಿಂದ ಹೊರಡಬೇಕಾದರೆ ಹಿಂದಿನಿಂದ ನೂಕಿದವನಿಗೆ ದಾರಿ ಸಿಕ್ಕೀತೆ?

ಆದರೆ ನಡೆಯುವುದೇನು? ನೂಕುವುದೇ ನಡೆಯುತ್ತದೆ. ಮೇಸ್ತ್ರಿ ಕೊಯ್ಯುವವರನ್ನು ಅವಸರಪಡಿಸುತ್ತಾನೆ. ಅವಸರದಲ್ಲಿ ಹಸಿರು ಕಾಯಿಯೂ ಚೀಲಕ್ಕೆ ಬೀಳುತ್ತದೆ. ಕೊನೆಗೆ ಮಾಲು ಕೆಟ್ಟಾಗ, "ಕಣದವರು ಸರಿಯಾಗಿ ತಿರುವಿ ಹಾಕಲಿಲ್ಲ" ಎಂಬ ಮಾತು ಬರುತ್ತದೆ. ಕಣಕ್ಕೆ ಇನ್ನಷ್ಟು ಜಾಗ, ನಾಲ್ಕು ಟಾರ್ಪಾಲು, ಅನುಕೂಲವಿದ್ದರೆ ಒಂದು ಒಣಗಿಸುವ ಯಂತ್ರ: ಹಣ ಹೋಗಬೇಕಾದದ್ದು ಅಲ್ಲಿಗೆ. ಎಲ್ಲಿ ಇಕ್ಕಟ್ಟೋ ಅಲ್ಲಿ ಹಣ ಹಾಕಬೇಕು, ಉಳಿದ ಕೆಲಸದ ಓಟವನ್ನು ಆ ಇಕ್ಕಟ್ಟಿಗೆ ಹೊಂದಿಸಬೇಕು. ಇದು ಕಾರ್ಖಾನೆಯ ನಿರ್ವಹಣೆಯಲ್ಲಿ ಮೊದಲನೆಯ ಪಾಠ. ಎತ್ತು ಏರಿಗೆಳೆದು ಕೋಣ ನೀರಿಗೆಳೆದರೆ ಬಂಡಿ ಸಾಗುವುದಿಲ್ಲ.

ಮಾಲೀಕರಿಗೂ ಕಷ್ಟವಿಲ್ಲವೆಂದು ನಾವು ಹೇಳುವುದಿಲ್ಲ. 2021ರ ನವೆಂಬರಿನಲ್ಲಿ ಕೊಯ್ಲಿನ ಹೊತ್ತಿಗೆ ಸುರಿದ ಅಕಾಲದ ಮಳೆಯಲ್ಲಿ ಹಣ್ಣು ಗಿಡದಲ್ಲಿಯೇ ಒಡೆದು ನೆಲಕ್ಕೆ ಬಿದ್ದದ್ದನ್ನು, ಕಣದಲ್ಲಿದ್ದದ್ದು ನೆನೆದದ್ದನ್ನು ನಾವೆಲ್ಲ ಕಂಡಿದ್ದೇವೆ. ಆನೆ ಬಂದಿದೆ ಎಂಬ ಸುದ್ದಿ ಬಂದರೆ ಆ ದಿನ ಆ ತಾಕಿಗೆ ಆಳು ಇಳಿಯುವಂತಿಲ್ಲ, ಇಳಿಯಲೂ ಕೂಡದು. ಕಾಫಿ ಮಂಡಳಿಯ ಲೆಕ್ಕದಂತೆ ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕಿಂತ ಹೆಚ್ಚು 10 ಹೆಕ್ಟೇರಿಗಿಂತ ಚಿಕ್ಕವು. ಎರಡು ಎಕರೆಯ ಬೆಳೆಗಾರ ಮಾಲೀಕನೂ ಹೌದು, ತನ್ನ ಕಣದ ಆಳೂ ಹೌದು. ಮಳೆ, ಆನೆಗಳನ್ನು ಯಾರೂ ತಡೆಯಲಾರರು. ಆದರೆ ಹನ್ನೆರಡು ದಿನ ಹದಿನಾರಾದೀತು ಎಂದು ಮೊದಲೇ ಎಣಿಸಿಕೊಂಡು ಕೊಯ್ಲನ್ನು ಹೊಂದಿಸುವುದು ಕೈಲಾಗುವ ಕೆಲಸ.

ಹಾಗೆ ಎಣಿಸಬೇಕಾದರೆ ಕಣದವನ ಮಾತು ನಡೆಯಬೇಕು. ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ಒಂದು ಪದ್ಧತಿಯಿದೆ. ಕೆಲಸದ ಸಾಲಿನಲ್ಲಿ ನಿಂತ ಯಾವ ಕೆಲಸಗಾರನಾದರೂ ದೋಷ ಕಂಡೊಡನೆ ಒಂದು ಹಗ್ಗವನ್ನು ಎಳೆಯಬಹುದು. ಅಲ್ಲಿಯೇ ಸರಿಯಾಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಕೆಟ್ಟ ಮಾಲನ್ನು ಕೊನೆಯಲ್ಲಿ ಆರಿಸಿ ಎಸೆಯುವುದಕ್ಕಿಂತ ಅದು ಹುಟ್ಟುವ ಜಾಗದಲ್ಲಿಯೇ ತಡೆಯುವುದು ಅಗ್ಗವೆಂದು ಅವರು ಕಂಡುಕೊಂಡರು. ನಮ್ಮಲ್ಲಿ ತೊಟ್ಟಿಯ ಬಳಿ ಇರುವವನಿಗೆ ಹುಳಿವಾಸನೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ನಾತ ಹಿಡಿದ ಕೆಲವೇ ಬೀಜ ಇಡೀ ಮೂಟೆಯ ರುಚಿಯನ್ನು ಕೆಡಿಸುತ್ತದೆಂಬುದೂ ಅವನಿಗೆ ಗೊತ್ತು. ಆದರೆ ಎಳೆಯುವುದಕ್ಕೆ ಅವನ ಕೈಗೆ ಹಗ್ಗವಿಲ್ಲ. ಅವನು ಬಾಯಿ ಬಿಟ್ಟರೆ ಅಧಿಕಪ್ರಸಂಗ, ಬಿಡದಿದ್ದರೆ ಅಲಕ್ಷ್ಯ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕುವ ಈ ಪದ್ಧತಿಗೆ ಆಡಳಿತವೆಂದು ಹೆಸರು.

ಔಟ್‌ಟರ್ನಿನ ಲೆಕ್ಕ

ಒಣಗಿದ ಮಾಲು ಮೂಟೆಯಾಗಿ ಪೇಟೆಗೆ ಬರುತ್ತದೆ. ಇಲ್ಲಿ ನಮ್ಮ ಸಣ್ಣ ವ್ಯಾಪಾರಿಯ ಪ್ರವೇಶ. 50 ಕಿಲೋ ಚೆರಿ ಮೂಟೆಯನ್ನು ಕುಟ್ಟಿಸಿದರೆ ಎಷ್ಟು ಕಿಲೋ ಬೀಜ ಸಿಕ್ಕುತ್ತದೋ ಅದೇ ಔಟ್‌ಟರ್ನು. 26 ಕಿಲೋ ಬಂದರೆ ಔಟ್‌ಟರ್ನ್ 26. ಬೆಲೆ ಕಟ್ಟುವುದು ಇದರ ಮೇಲೆಯೇ. ಹಾಕಿದ ಮಾಲಿಗೆ ಹುಟ್ಟಿದ ಮಾಲು ಎಷ್ಟು ಎಂಬ ಈ ಅಂಕೆ ಎಲ್ಲ ಉತ್ಪಾದನೆಗೂ ಪ್ರಾಣ. ಅಕ್ಕಿ ಗಿರಣಿಯಲ್ಲಿ ಭತ್ತಕ್ಕೆ ಅಕ್ಕಿ ಎಷ್ಟು, ಗಾಣದಲ್ಲಿ ಕೊಬ್ಬರಿಗೆ ಎಣ್ಣೆ ಎಷ್ಟು ಎಂದು ಕೇಳುವುದೂ ಇದನ್ನೇ.

ಒಂದು ಕಿಲೋದ ವ್ಯತ್ಯಾಸ ಎಷ್ಟಾದೀತು? ಲೆಕ್ಕದ ಅನುಕೂಲಕ್ಕಾಗಿ ಬೀಜದ ಬೆಲೆ ಕಿಲೋಗೆ 300 ರೂಪಾಯಿ ಎನ್ನೋಣ. 26 ಇರುವುದನ್ನು 25 ಎಂದು ಬರೆದರೆ ಮೂಟೆಗೆ 300 ರೂಪಾಯಿ ಹೋಯಿತು. 20 ಮೂಟೆ ತಂದ ಬೆಳೆಗಾರನಿಗೆ 6,000 ರೂಪಾಯಿ ಹೋಯಿತು. ಮಾದರಿಗೆಂದು ತೆಗೆದ ಹಿಡಿ ಕಾಫಿ ಮೂಟೆಯ ಮೇಲಿನದೋ ತಳದ್ದೋ ಎಂಬುದರ ಮೇಲೆಯೇ ಒಂದು ಅಂಕೆ ಆಚೀಚೆಯಾಗುತ್ತದೆ.

ಇನ್ನು ತೇವ. ಚೆರಿ ಸುಮಾರು ನೂರಕ್ಕೆ 11ರಷ್ಟು ತೇವಕ್ಕೆ ಒಣಗಿರಬೇಕು. 13 ತೇವವಿರುವ 50 ಕಿಲೋ ಮೂಟೆಯನ್ನು ಕೊಂಡ ವ್ಯಾಪಾರಿ ಅದನ್ನು 11ಕ್ಕೆ ಒಣಗಿಸಿದರೆ ಉಳಿಯುವುದು 48 ಕಿಲೋ 876 ಗ್ರಾಂ. ಒಂದು ಕಿಲೋಗೂ ಮೇಲೆ ಗಾಳಿಗೆ ಹೋಯಿತು. 100 ಮೂಟೆಗೆ 112 ಕಿಲೋ! ಅವನು ಕೊಟ್ಟದ್ದು ನೀರಿಗೆ ದುಡ್ಡು. ಒಣಗಿಸದೆ ಹಾಗೆಯೇ ಗಿರಣಿಗೆ ಕಳಿಸಿದರೆ ಅಲ್ಲಿ ಅವನ ಬೆಲೆಗೆ ಕತ್ತರಿ ಬೀಳುತ್ತದೆ.

ಬೆಳೆಗಾರ ವ್ಯಾಪಾರಿಯನ್ನು ಕಳ್ಳನೆನ್ನುತ್ತಾನೆ. ವ್ಯಾಪಾರಿ ಬೆಳೆಗಾರನನ್ನು ನೀರು ಮಾರುವವನೆನ್ನುತ್ತಾನೆ. ನಾವು ಇಬ್ಬರೊಂದಿಗೂ ಕೂತು ಚಹಾ ಕುಡಿದವರು. ಇಬ್ಬರಲ್ಲಿ ಹೆಚ್ಚಿನವರು ಕಳ್ಳರಲ್ಲ. ಒಬ್ಬರ ಅಳತೆಯನ್ನು ಇನ್ನೊಬ್ಬರು ನೋಡಲಾಗದಿರುವುದೇ ಜಗಳಕ್ಕೆ ಮೂಲ. ತೇವ ಅಳೆಯುವ ಯಂತ್ರವೂ ಮಾದರಿ ಕುಟ್ಟುವ ಯಂತ್ರವೂ ಎಲ್ಲರ ಕಣ್ಣೆದುರಿಗೆ ಇದ್ದರೆ ಅರ್ಧ ಜಗಳ ಅಲ್ಲಿಯೇ ಮುಗಿಯುತ್ತದೆ.

ಗಿರಣಿಯ ಲೆಕ್ಕ

ಮೂಟೆ ಕ್ಯೂರಿಂಗ್ ವರ್ಕ್ಸಿಗೆ ಬಂತು. ಇಲ್ಲಿ ಕಲ್ಲು ಕಡ್ಡಿ ತೆಗೆದು, ಸಿಪ್ಪೆ ಬಿಡಿಸಿ, ಜರಡಿಯಲ್ಲಿ ಗಾತ್ರ ಬೇರೆ ಮಾಡಿ, ಹಗುರ ಬೀಜವನ್ನು ಗಾಳಿಯಿಂದ ಹಾರಿಸಿ, ಕರಿ ಬೀಜ, ಒಡಕು ಬೀಜಗಳನ್ನು ಆರಿಸಿ ಮೂಟೆ ಕಟ್ಟುತ್ತಾರೆ. ಪ್ಲಾಂಟೇಷನ್ 'ಎ' ಎನಿಸಿಕೊಳ್ಳಬೇಕಾದರೆ ನೂರಕ್ಕೆ 90ರಷ್ಟು ಬೀಜ 6.65 ಮಿಲಿಮೀಟರಿನ ಜರಡಿಯ ಮೇಲೆ ನಿಲ್ಲಬೇಕು. ದರ್ಜೆ ಏರಿದಂತೆ ಬೆಲೆ ಏರುತ್ತದೆ.

ಗಿರಣಿಯ ಖರ್ಚಿನಲ್ಲಿ ಎರಡು ಬಗೆ. ಕಟ್ಟಡ, ಯಂತ್ರ, ಸಾಲದ ಬಡ್ಡಿ, ಕಾಯಂ ನೌಕರರ ಸಂಬಳ ಇವು ಮಾಲು ಬಂದರೂ ಬಾರದಿದ್ದರೂ ತಪ್ಪದ ಖರ್ಚು. ವಿದ್ಯುತ್ತು, ಗೋಣಿ, ಹಮಾಲಿ, ಆರಿಸುವ ಕೂಲಿ ಇವು ಮೂಟೆಗೆ ತಕ್ಕಂತೆ ಏರಿಳಿಯುವ ಖರ್ಚು. ತಪ್ಪದ ಖರ್ಚು ವರ್ಷಕ್ಕೆ 40 ಲಕ್ಷ ರೂಪಾಯಿ ಎನ್ನಿ. 40,000 ಮೂಟೆ ಆಡಿದರೆ ಮೂಟೆಯ ತಲೆಗೆ 100 ರೂಪಾಯಿ ಬೀಳುತ್ತದೆ. 80,000 ಮೂಟೆ ಆಡಿದರೆ 50 ರೂಪಾಯಿ. ಕೊಯ್ಲು ಮುಗಿದ ಕೆಲವೇ ತಿಂಗಳಲ್ಲಿ ಗಿರಣಿ ಹಗಲೂ ರಾತ್ರಿಯೂ ಓಡುವುದು ಇದಕ್ಕಾಗಿ. ಅದರಲ್ಲಿ ತಪ್ಪಿಲ್ಲ. ಆದರೆ "ಈ ವರ್ಷ ಲಾಭವಿಲ್ಲ, ಕೂಲಿ ಏರಿಸಲಾಗುವುದಿಲ್ಲ" ಎಂಬ ಮಾತು ಬಂದಾಗ ಕೆಲಸಗಾರ ಕೇಳಬೇಕಾದ ಮೊದಲನೆಯ ಪ್ರಶ್ನೆ: "ಎಷ್ಟು ಮೂಟೆ ಆಡಿತು?" ಎರಡನೆಯದು: "ಮೂಟೆಗೆ ಎಷ್ಟು ಖರ್ಚು ಬಿತ್ತು?" ಈ ಎರಡು ಅಂಕೆಗಳಿಲ್ಲದೆ ನಡೆಯುವ ಕೂಲಿಯ ಮಾತುಕತೆ ಕತ್ತಲೆಯಲ್ಲಿ ನಡೆಯುವ ಚೌಕಾಸಿ. ಅದರಲ್ಲಿ ಯಾವಾಗಲೂ ಗೆಲ್ಲುವವನು ದೀಪ ಕೈಯಲ್ಲಿ ಹಿಡಿದವನು.

ಯಂತ್ರಗಳು ಒಂದರ ಹಿಂದೆ ಒಂದು ಕೂಡಿಕೊಂಡಿರುವುದರಿಂದ ಒಂದು ನಿಂತರೆ ಎಲ್ಲವೂ ನಿಲ್ಲುತ್ತವೆ. ಮಳೆಗಾಲದಲ್ಲಿ ಗಿರಣಿ ಬಿಡುವಾಗಿರುವಾಗ ಬೇರಿಂಗು, ಬೆಲ್ಟುಗಳನ್ನು ನೋಡಿಕೊಳ್ಳದೆ ಜನವರಿಯಲ್ಲಿ ಅದು ಕೈಕೊಟ್ಟರೆ ಆ ಎರಡು ದಿನದ ನಷ್ಟ ಯಾರಿಗೆ? ಮೂಟೆಯ ಲೆಕ್ಕದಲ್ಲಿ ಕೂಲಿ ಪಡೆಯುವ ಹಮಾಲಿಗೆ, ಕಿಲೋ ಲೆಕ್ಕದಲ್ಲಿ ಆರಿಸುವ ಹೆಂಗಸಿಗೆ. ಯಂತ್ರ ನಿಂತದ್ದು ಅವರ ತಪ್ಪಿನಿಂದಲ್ಲ. ಆದರೂ ಖಾಲಿ ಕೈಯಲ್ಲಿ ಮನೆಗೆ ಹೋಗುವವರು ಅವರು.

ಆರಿಸುವ ಹೆಂಗಸರ ಮಾತು ಬಂತು. ಹಿಂದೆ ಕ್ಯೂರಿಂಗ್ ವರ್ಕ್ಸುಗಳ ಉದ್ದನೆಯ ಅಂಗಳಗಳಲ್ಲಿ ನೂರಾರು ಹೆಂಗಸರು ಸಾಲಾಗಿ ಕೂತು ಬೀಜ ಆರಿಸುತ್ತಿದ್ದರು. ಈಗ ಬಣ್ಣ ನೋಡಿ ಆರಿಸುವ ಯಂತ್ರ ಬಂದು ಆ ಸಾಲುಗಳು ಮೊಟಕಾಗಿವೆ. ಯಂತ್ರ ಬೇಡವೆಂದು ನಾವು ಹೇಳುವವರಲ್ಲ. ಕಣ್ಣು ಉರಿಯುವ ಆ ಕೆಲಸವನ್ನು ಯಂತ್ರ ಮಾಡಿದರೆ ಒಳ್ಳೆಯದೇ. ಯಂತ್ರದಿಂದ ಉಳಿದ ಹಣ ಯಾರ ಪಾಲಿಗೆ ಎಷ್ಟು ಬಂತು ಎಂಬುದು ನಮ್ಮ ಪ್ರಶ್ನೆ.

ಈ ಪ್ರಶ್ನೆ ಇಂದಿನದಲ್ಲ. 'ವೈಜ್ಞಾನಿಕ ನಿರ್ವಹಣೆ' ಎಂಬ ಶಾಸ್ತ್ರವನ್ನು ಕಟ್ಟಿದವನೆಂದು ಹೆಸರಾದ ಅಮೆರಿಕದ ಫ್ರೆಡರಿಕ್ ಟೇಲರ್ 1911ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ತಾನೇ ಒಂದು ಲೆಕ್ಕ ಕೊಟ್ಟಿದ್ದಾನೆ. ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಕಬ್ಬಿಣದ ಗಟ್ಟಿಗಳನ್ನು ಹೊರುವ ಆಳು ದಿನಕ್ಕೆ ಹನ್ನೆರಡೂವರೆ ಟನ್ನು ಹೊರುತ್ತಿದ್ದ. ಟೇಲರನ ಪದ್ಧತಿಯಂತೆ, ಹೇಳಿದಾಗ ಎದ್ದು ಹೇಳಿದಾಗ ಕೂತು, ನಲವತ್ತೇಳೂವರೆ ಟನ್ನು ಹೊತ್ತ. ಕೂಲಿ 1.15 ಡಾಲರಿನಿಂದ 1.85 ಡಾಲರಿಗೆ ಏರಿತು. ಕೆಲಸ ಹೆಚ್ಚುಕಡಿಮೆ ನಾಲ್ಕು ಪಟ್ಟು. ಕೂಲಿ ಹಿಂದಿನದರ ಮೇಲೆ ನೂರಕ್ಕೆ ಅರವತ್ತು ಮಾತ್ರ ಹೆಚ್ಚು. ಆಳಿನ ಕೈಯನ್ನು, ಕಾಲನ್ನು, ಉಸಿರನ್ನು ಗಡಿಯಾರ ಹಿಡಿದು ಅಳೆದರು. ಹಂಚಿಕೆಯ ಲೆಕ್ಕವನ್ನು ಮಾತ್ರ ಆಳಿನ ಮುಂದೆ ಬಿಡಿಸಿಡಲಿಲ್ಲ. ಒಂದು ಶತಮಾನ ಕಳೆದ ಮೇಲೂ ನಮ್ಮ ಬೆಟ್ಟದ ತೂಕದ ಜಾಗದಲ್ಲಿ ಅದೇ ನಡೆದಿದೆ.

ಗೋದಾಮಿನ ಲೆಕ್ಕ

ಕೊನೆಗೆ ಗೋದಾಮು. ಮಾಲು ಕೂತಲ್ಲಿ ಹಣವೂ ಕೂತಿರುತ್ತದೆ. 5 ಲಕ್ಷ ರೂಪಾಯಿ ಬಂಡವಾಳದ ಸಣ್ಣ ವ್ಯಾಪಾರಿ ವಾರಕ್ಕೊಮ್ಮೆ ಕೊಂಡು ಮಾರಿ, ಸಲಕ್ಕೆ 5,000 ರೂಪಾಯಿ ಉಳಿಸಿಕೊಂಡರೆ, ಹತ್ತು ಸಲದಲ್ಲಿ 50,000 ರೂಪಾಯಿ ಆಯಿತು. ಒಂದೇ ಸಲ ಕೊಂಡು ಹತ್ತು ವಾರ ಕೂಡಿಟ್ಟು ಅಷ್ಟನ್ನೇ ಗಳಿಸಬೇಕಾದರೆ ಬೆಲೆ ನೂರಕ್ಕೆ ಹತ್ತು ಏರಬೇಕು. ಅದರಲ್ಲಿಯೂ ಬಡ್ಡಿ ಕಳೆಯಬೇಕು, ಬೆಲೆ ಇಳಿದರೆ ಮೂಲಧನಕ್ಕೇ ಪೆಟ್ಟು. ಹಣ ಎಷ್ಟಿದೆ ಎನ್ನುವುದಕ್ಕಿಂತ ಎಷ್ಟು ಸಲ ತಿರುಗಿತು ಎಂಬುದೇ ಸಣ್ಣವನ ಬಲ. ಕಾಯುವುದು ದೊಡ್ಡ ಗೋದಾಮಿನ ಬಲ. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಪೇಟೆಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರನ್ನು ದಾಟಿತು. ಆ ಏರಿಕೆಯ ಫಲ ಮಾಲನ್ನು ಹಿಡಿದು ಕಾಯಬಲ್ಲವನಿಗೆ ಸಿಕ್ಕಷ್ಟು, ಕಣದಿಂದ ಎತ್ತಿದ ದಿನವೇ ಸಾಲಕ್ಕೆ ಮಾರಿದವನಿಗೆ ಸಿಕ್ಕಲಿಲ್ಲ.

ಈ ಕಾಯುವ ಹೊರೆಯನ್ನು ಒಂದು ಕಾಲದಲ್ಲಿ ಕಾಫಿ ಮಂಡಳಿ ಹೊತ್ತಿತ್ತು. 1942ರ ಕಾಯ್ದೆಯ ಮೇಲೆ ನಿಂತ ಪೂಲ್ ಪದ್ಧತಿಯಲ್ಲಿ ಬೆಳೆಗಾರರೆಲ್ಲ ಕಾಫಿಯನ್ನು ಮಂಡಳಿಗೆ ಒಪ್ಪಿಸುತ್ತಿದ್ದರು. ಮಂಡಳಿ ದರ್ಜೆಗೆ ತಕ್ಕಂತೆ ಅಂಕ ಕೊಟ್ಟು, ಮಾರಿದ ಹಣವನ್ನು ಕಂತುಗಳಲ್ಲಿ ಹಂಚುತ್ತಿತ್ತು. ದೊಡ್ಡವನ ಮಾಲಿಗೂ ಸಣ್ಣವನ ಮಾಲಿಗೂ ಒಂದೇ ದರ್ಜೆಯಾದರೆ ಒಂದೇ ದರ. ಆದರೆ ಕಂತು ಬರುವುದು ತಡವಾಗುತ್ತಿತ್ತು. ಬೆಳೆಗಾರ ಅಷ್ಟರಲ್ಲಿ ಸಾಲದಲ್ಲಿ ಮುಳುಗುತ್ತಿದ್ದ. 1989ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿದ್ದು ಬೆಲೆ ಕುಸಿಯಿತು. 1992ರಿಂದ ಪೂಲು ಸ್ವಲ್ಪ ಸ್ವಲ್ಪವಾಗಿ ಸಡಿಲವಾಗಿ 1996ರಲ್ಲಿ ಪೂರ್ತಿ ಕೊನೆಯಾಯಿತು. ಬೆಳೆಗಾರನಿಗೆ ಮಾರುವ ಸ್ವಾತಂತ್ರ್ಯ ಬಂತು; ಅದು ಒಳ್ಳೆಯದೇ. ಆದರೆ ಅಳೆಯುವ, ದರ್ಜೆ ಕಟ್ಟುವ, ಕೂಡಿಡುವ ಅಧಿಕಾರವು ಗೋದಾಮು ಇದ್ದವರ ಕೈಗೆ ಹೋಯಿತು. ಮಾಲನ್ನು ನೋಂದಾಯಿತ ಗೋದಾಮಿನಲ್ಲಿಟ್ಟು ಅದರ ರಸೀದಿಯ ಮೇಲೆ ಸಾಲ ತೆಗೆಯುವುದಕ್ಕೆ 2007ರ ಕಾಯ್ದೆಯಲ್ಲಿ ದಾರಿಯಿದೆ. ಹತ್ತು ಮೂಟೆಯವನು ಒಂಟಿಯಾಗಿ ಆ ಬಾಗಿಲಿಗೆ ಹೋಗಲಾರ. ಐವತ್ತು ಜನ ಕೂಡಿದರೆ ಹೋಗಬಲ್ಲರು.

ಕೆಲಸಗಾರನ ಕೈಗೆ ಪುಸ್ತಕ ಕೊಟ್ಟರೆ?

"ಇದೆಲ್ಲ ಸರಿ, ಆದರೆ ಲೆಕ್ಕದ ಪುಸ್ತಕವನ್ನು ಆಳುಗಳ ಮುಂದೆ ಬಿಚ್ಚಿದರೆ ವ್ಯವಹಾರ ನಡೆದೀತೆ?" ಎಂದು ಕೇಳುವವರುಂಟು. ಅವರಿಗೆ ನಮ್ಮ ಉತ್ತರವೂ ಕಾಫಿಯಿಂದಲೇ. ಕಾಫಿ ಮಂಡಳಿ ತಾನು ನಡೆಸುತ್ತಿದ್ದ ಕಾಫಿ ಹೌಸುಗಳನ್ನು 1950ರ ದಶಕದಲ್ಲಿ ಮುಚ್ಚಲು ಹೊರಟಾಗ ಮಾಣಿಗಳು, ಅಡಿಗೆಯವರು, ಗುಮಾಸ್ತರು ಬೀದಿಗೆ ಬಿದ್ದರು. ಎ. ಕೆ. ಗೋಪಾಲನ್ ಅವರ ಪ್ರೋತ್ಸಾಹದಿಂದ ಆ ಕೆಲಸಗಾರರೇ ಸಹಕಾರ ಸಂಘ ಕಟ್ಟಿದರು. ಮೊದಲನೆಯ ಸಂಘ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, 1957ರ ಆಗಸ್ಟಿನಲ್ಲಿ. ಮಂಡಳಿ ಬೇಡವೆಂದು ಕೈಬಿಟ್ಟದ್ದನ್ನು ತಟ್ಟೆ ಎತ್ತುತ್ತಿದ್ದವರು ಕೈಗೆತ್ತಿಕೊಂಡು ಅರ್ಧ ಶತಮಾನಕ್ಕೂ ಮೀರಿ ನಡೆಸಿದರು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಕಾಫಿ ಹೌಸು 2009ರಲ್ಲಿ ಆ ಜಾಗವನ್ನು ಬಿಡಬೇಕಾಗಿ ಬಂದಾಗಲೂ ಮುಚ್ಚಿಹೋಗಲಿಲ್ಲ. ಚರ್ಚ್ ಸ್ಟ್ರೀಟಿನಲ್ಲಿ ಮತ್ತೆ ಬಾಗಿಲು ತೆರೆಯಿತು. ಎಷ್ಟು ಪುಡಿ, ಎಷ್ಟು ಹಾಲು, ಎಷ್ಟು ಲೋಟ, ಎಷ್ಟು ಉಳಿತಾಯ ಎಂಬ ಲೆಕ್ಕ ಅವರಿಗೆ ಯಾವ ಕಾಲೇಜಿನಿಂದಲೂ ಬಂದದ್ದಲ್ಲ. ಪುಸ್ತಕ ಕೈಗೆ ಬಂತು, ಲೆಕ್ಕವೂ ಬಂತು.

ಎಲ್ಲ ತೋಟವೂ ಎಲ್ಲ ಗಿರಣಿಯೂ ನಾಳೆಯೇ ಸಹಕಾರ ಸಂಘವಾಗಬೇಕೆಂದು ನಾವು ಇಂದು ಕೇಳುತ್ತಿಲ್ಲ. ಮುಂದಿನ ಕೊಯ್ಲಿನೊಳಗೆ ಆಗಬಹುದಾದ, ಯಾರ ಲಾಭಕ್ಕೂ ನ್ಯಾಯವಾಗಿ ಕುಂದು ತಾರದ ನಾಲ್ಕು ಕೆಲಸಗಳನ್ನು ಕೇಳುತ್ತೇವೆ.

ಒಂದು, ಹಣ್ಣು ತೂಗುವ ಮೊದಲು ಪ್ರತಿದಿನ ಖಾಲಿ ಚೀಲವನ್ನು ಎಲ್ಲರೆದುರಿಗೆ ತೂಗಬೇಕು. ಕೊಯ್ದವಳ ಕೈಗೆ ಅಂದಿನ ತೂಕದ ಚೀಟಿ ಕೊಡಬೇಕು. ಅಸ್ಸಾಮಿನಿಂದ ಬಂದು ದುಡಿಯುವವರಿಗೂ ಓದಲು ಬರುವಂತೆ ಅಂಕೆ ದೊಡ್ಡದಾಗಿರಲಿ. ಎರಡು, ಕಣದಲ್ಲಿ ಎಷ್ಟು ಜಾಗವಿದೆ, ಎಷ್ಟು ತುಂಬಿದೆ ಎಂಬುದನ್ನು ಹಲಗೆಯ ಮೇಲೆ ಬರೆದು, ಮರುದಿನದ ಕೊಯ್ಲನ್ನು ಕಣದವನನ್ನು ಕೇಳಿಯೇ ಗೊತ್ತುಮಾಡಬೇಕು. ಮೂರು, ಕೊಳ್ಳುವ ಜಾಗದಲ್ಲಿ ತೇವವನ್ನೂ ಔಟ್‌ಟರ್ನನ್ನೂ ಮಾರುವವನ ಕಣ್ಣೆದುರಿಗೆ ಅಳೆದು, ಇಬ್ಬರೂ ರುಜು ಮಾಡಿದ ಚೀಟಿಯಾಗಬೇಕು. ನಾಲ್ಕು, ಗಿರಣಿಯಲ್ಲಿ ತಿಂಗಳಿಗೊಮ್ಮೆ ಆಡಿದ ಮೂಟೆ, ಯಂತ್ರ ನಿಂತ ಗಂಟೆ, ಮೂಟೆಗೆ ಬಿದ್ದ ಖರ್ಚು ಈ ಮೂರು ಅಂಕೆಗಳನ್ನು ಬಾಗಿಲಿನಲ್ಲಿ ಅಂಟಿಸಬೇಕು. ಯಂತ್ರ ನಿಂತ ಹೊತ್ತಿಗೂ ಕೂಲಿ ಸಲ್ಲಬೇಕು.

ಇವುಗಳಿಗೆ ಖರ್ಚು ಬರುವುದು ಒಂದು ಹಲಗೆ, ಒಂದು ಸೀಮೆಸುಣ್ಣ, ಕೆಲವು ಚೀಟಿ ಪುಸ್ತಕ. ಸರಿಯಾಗಿ ನಡೆಸುತ್ತಿರುವ ಮಾಲೀಕನಿಗೆ ಇದರಿಂದ ಹೆದರಿಕೆಯಿಲ್ಲ. ಅಂಥವರೂ ಈ ಬೆಟ್ಟಗಳಲ್ಲಿ ಇದ್ದಾರೆ. ಅವರ ತೋಟಕ್ಕೆ ಆಳುಗಳು ಕರೆಯದೆಯೇ ಹೋಗುತ್ತಾರೆ.

ಸೀಮೆಸುಣ್ಣ ಹಿಡಿದು ಹತ್ತಾರು ವರ್ಷ ಕಳೆದ ನಮಗೆ ಒಂದು ಮಾತು ಗೊತ್ತು. ಕರಿಹಲಗೆಯ ಮೇಲೆ ಎಲ್ಲರಿಗೂ ಕಾಣುವಂತೆ ಬಿಡಿಸಿದ ಲೆಕ್ಕದಲ್ಲಿ ತಪ್ಪಿದ್ದರೆ ಹಿಂದಿನ ಬೆಂಚಿನ ಹುಡುಗನೂ ಎದ್ದು ಹೇಳುತ್ತಾನೆ. ಆ ದಿನ ಖಾಲಿ ಚೀಲ 1 ಕಿಲೋ ತೂಗಿದ್ದನ್ನು ಸಾಲಿನಲ್ಲಿದ್ದ ಐವತ್ತು ಮಂದಿಯೂ ಕಂಡರು. ಮರುದಿನದಿಂದ ಅಲ್ಲಿ ಚೀಲಕ್ಕೆ 1 ಕಿಲೋ ಮಾತ್ರ ಕಳೆದರು. ನಾವು ಭಾಷಣ ಮಾಡಿರಲಿಲ್ಲ, ಯಾರ ಮೇಲೆಯೂ ಕೂಗಾಡಿರಲಿಲ್ಲ. ಒಂದು ಖಾಲಿ ಚೀಲವನ್ನು ತಕ್ಕಡಿಗೆ ಇಡಿಸಿದ್ದೆವು.

ಈ ಸಲ ಕೊಯ್ಲಿಗೆ ಇಳಿಯುವವರು, ಮೂಟೆ ಹೊರುವವರು, ಚೆರಿ ಕೊಳ್ಳುವವರು, ಮಾರುವವರು ಎಲ್ಲರೂ ಮೊದಲನೆಯ ದಿನವೇ ಅಷ್ಟು ಮಾಡಿ. ಖಾಲಿ ಚೀಲವನ್ನು ತೂಗಿಸಿ.